ಹಸಿರು ವೈರು

ಲ್ಯಾಪ್‌ಟಾಪ್ ಮತ್ತೆ ಕಚ್ಚಿತು. ಲೋಹದ ಅಂಚಿನ ಮೇಲೆ ಊರಿದ್ದ ಅಂಗೈಯಿಂದ ಮೊಣಕೈವರೆಗೆ ಜುಮ್ಮೆಂದು ಏರಿತು. ಕಿರಿಯ ಸೊಸೆ ಕೈ ಕೊಡವಿಕೊಂಡು ನೆಲವನ್ನು ದುರುಗುಟ್ಟಿ ನೋಡಿದಳು. ಆ ನೆಲದ ಕೆಳಗೆ, ಕೆಳಮನೆಯಲ್ಲಿ, ಹಿರಿಯ ಸೊಸೆ ಪಾತ್ರೆ ಕುಕ್ಕುವ ಸದ್ದು ಕೇಳುತ್ತಿತ್ತು. ಇದು ಅವಳದೇ ಕೆಲಸ. ಇನ್ಯಾರದು?

ಪರದೆಯ ಮೇಲೆ, ಇನ್ನೂ ಕಟ್ಟದ ಆಸ್ಪತ್ರೆಯೊಂದು ಅರ್ಧಕ್ಕೆ ನಿಂತಿತ್ತು. ಕಟ್ಟಡ ಏಳುವ ಮೊದಲೇ ಅದರೊಳಗೆ ಓಡಾಡಿಬಂದಂತೆ ತೋರಿಸುವ ಚಿತ್ರ ಮಾಡುವುದು ಅವಳ ಕಸುಬು. ಅದಕ್ಕೆಂದೇ ಈ ಆನೆಬಲದ ಲ್ಯಾಪ್‌ಟಾಪ್. ಅದೀಗ ಕಾದು ಕೆಂಡವಾಗುತ್ತಿತ್ತು. ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು. ಚಿತ್ರ ಮುಗಿಯುವ ಮುನ್ನವೇ ಎಲ್ಲ ಆರಿ ಕತ್ತಲು. ಸೋಮವಾರ ಚಿತ್ರ ಕೈಸೇರದಿದ್ದರೆ ಕೆಲಸ ಬೇರೆಯವರ ಪಾಲು ಎಂದು ಕಂಪನಿಯ ಯಜಮಾನ ಖಡಾಖಂಡಿತವಾಗಿ ಹೇಳಿದ್ದ. ಈ ಕೆಲಸ ಉಳಿದರೆ ಬೇರೆ ಮನೆ ಮಾಡಬಹುದು. ತಪ್ಪಿದರೆ ಇದೇ ಮನೆ, ಇದೇ ಓರಗಿತ್ತಿ.

ಇಬ್ಬರದೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಬಟ್ಟೆ ಒಣಹಾಕುವ ಹಗ್ಗಕ್ಕೆ ಜಗಳ, ಟಿವಿಯ ಸದ್ದಿಗೆ ಜಗಳ. ಅಂಗಳದ ಮೂಲೆಯ ಹಾಳು ಗುಂಡಿಗೆ ಹಿರಿಯವಳು ದಿನಾ ಬಕೆಟ್ ನೀರು ಸುರಿದು ಕೆಸರು ಮಾಡಿ, ಕಿರಿಯವಳ ಸ್ಕೂಟರ್ ಜಾರಿಸಿ ಕೆಡವಿದ್ದಕ್ಕೆ ಮಹಾಜಗಳ. ಯಾಕೆಂದು ಕೇಳಿದರೆ, ಮಾವ ಇದ್ದಾಗ ಹಾಕು ಅಂದಿದ್ದರು, ಹಾಕುತ್ತೇನೆ ಎಂಬ ಒಂದೇ ಹಟ. ಮಾವ ತೀರಿಕೊಂಡು ಯಾವ ಕಾಲವಾಯಿತು! ಕಿರಿಯವಳು ಆಳು ಕರೆಸಿ ಆ ಮೂಲೆಗೆ ಸಿಮೆಂಟ್ ಬಳಿಸಿ ಸ್ಕೂಟರ್ ನಿಲ್ಲಿಸಿಯೇ ಬಿಟ್ಟಳು. ಆ ಜಗಳವೊಂದನ್ನು ಮಾತ್ರ ಅವಳು ಗೆದ್ದಿದ್ದು.

ಗೆದ್ದ ದಿನ ಹಿರಿಯವಳು ಬಾಗಿಲಲ್ಲಿ ನಿಂತು ಹೇಳಿದ್ದಳು: "ಮಾಡಮ್ಮ, ಮಾಡು. ಆಮೇಲೆ ಅನುಭವಿಸೋಳು ನೀನೇ."

ಅಲ್ಲಿಗೆ ಮಾತು ನಿಂತಿತು, ಹಗೆ ನಿಲ್ಲಲಿಲ್ಲ. ಫ್ರಿಜ್ ಇಬ್ಬರಿಗೂ ಒಂದೇ, ಕೆಳಗಿನ ಅಡುಗೆಮನೆಯಲ್ಲಿ. ಈಚೆಗೆ ಹಿರಿಯವಳು ಅದರ ಬಾಗಿಲನ್ನು ಕೈಗೆ ಬಟ್ಟೆ ಸುತ್ತಿಕೊಂಡೇ ತೆಗೆಯುತ್ತಿದ್ದಳು. ತಾನು ಮುಟ್ಟಿದ್ದನ್ನು ಮುಟ್ಟಲೂ ಅವಳಿಗೆ ಅಸಹ್ಯ ಎಂದು ಕಿರಿಯವಳ ಮೈ ಉರಿಯಿತು. ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಮೊನ್ನೆ, ಹಿರಿಯವಳು ಸ್ಟೂಲ್ ಹತ್ತಿ ಮೀಟರ್ ಬೋರ್ಡಿನೊಳಗೆ ಇಣುಕುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಲ್ಯಾಪ್‌ಟಾಪ್ ರಿಪೇರಿಯವನು ಮೊದಲು ಅದನ್ನು ಅಂಗಡಿಗೆ ತರಿಸಿಕೊಂಡಿದ್ದ. ಧೂಳು ಊದಿದ, ಒಳಗಿನ ಬಿಸಿ ಇಳಿಸುವ ಪೇಸ್ಟ್ ಹೊಸದು ಹಚ್ಚಿದ, ಚಾರ್ಜರ್ ಬದಲಿಸಿದ. ಅವನ ಮೇಜಿನ ಮೇಲೆ ಅದು ಇಡೀ ದಿನ ಬಿಸಿಯಾಗದೆ, ಕಚ್ಚದೆ, ಹಸುವಿನ ಹಾಗೆ ದುಡಿಯಿತು.

"ಮೆಷಿನ್‌ಗೆ ಏನೂ ಆಗಿಲ್ಲ ಮೇಡಂ. ತೊಂದರೆ ಇರೋದು ನಿಮ್ಮ ಮನೇಲಿ."

ಅದು ಅವಳಿಗೆ ಗೊತ್ತಿತ್ತು. ಬೇಕಾಗಿದ್ದುದು ಸಾಕ್ಷಿ. ಭಾನುವಾರ, ಗಂಡ ಮತ್ತು ಭಾವ ಇಬ್ಬರೂ ಮನೆಯಲ್ಲಿರುವ ಹೊತ್ತು ನೋಡಿ, ಅವನನ್ನು ಮನೆಗೇ ಕರೆಸಿದಳು.

ಅವನು ಬಂದವನೇ ಲ್ಯಾಪ್‌ಟಾಪಿನ ಅಡಿಯಿಂದ ಮಡಿಸಿದ ಕಂಬಳಿಯನ್ನು ಎಳೆದ. ಇದೇಕೆ ಎಂದು ಕೇಳಿದ. ಶಾಕ್ ಹೊಡೆಯುತ್ತದಲ್ಲ, ತೊಡೆಗೂ ಮೇಜಿಗೂ ತಾಗದಿರಲಿ ಎಂದು ಹಾಕಿದ್ದು, ಎಂದಳು ಅವಳು.

"ಮೂಗು ಬಾಯಿ ಎರಡೂ ಮುಚ್ಚಿ ಓಡು ಅಂದ್ರೆ ಯಾರು ಓಡ್ತಾರೆ ಮೇಡಂ? ಗಾಳಿ ಹೋಗೋ ಕಿಂಡಿಗಳೆಲ್ಲ ಅಡೀಲೇ ಇರೋದು. ಬಿಸಿ ಮಾಡಿದ್ದು ಕಂಬಳಿ. ಕಂಬಳಿ ಹಾಕಿಸಿದ್ದು ಶಾಕ್. ಆ ಶಾಕ್ ಎಲ್ಲಿಂದ ಬಂತು ಅಂತ ನೋಡೋಣ."

ಕಂಬಳಿಯ ಮಾತಿಗೆ ಅವಳ ಮುಖ ಚಿಕ್ಕದಾಯಿತು. ಆದರೆ ಕೊನೆಯ ಮಾತಿಗೆ ಮತ್ತೆ ಅರಳಿತು. ಅವನು ಟೆಸ್ಟರ್ ತೆಗೆದು ಪ್ಲಗ್ಗಿನ ಮೂರನೆಯ ತೂತನ್ನು ಪರೀಕ್ಷಿಸಿ ತಲೆಯಾಡಿಸಿದ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಹಸಿರು ವೈರು ಎಲ್ಲೋ ಕೈಕೊಟ್ಟಿದೆ ಎಂದ.

"ಕೈಕೊಟ್ಟಿಲ್ಲ, ಯಾರೋ ಕತ್ತರಿಸಿದ್ದಾರೆ. ಕೆಳಗೆ ಬೋರ್ಡ್ ಹತ್ರ ನೋಡಿ" ಎಂದಳು ಕಿರಿಯವಳು, ಅವನೊಡನೆ ಮೆಟ್ಟಿಲಿಳಿಯುತ್ತ, ಕೆಳಗಿದ್ದ ಮನೆಮಂದಿಗೆಲ್ಲ ಕೇಳುವಂತೆ.

ಗಂಡ ತಲೆ ತಗ್ಗಿಸಿದ. ಭಾವ ಪೇಪರ್ ಕೆಳಗಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಾಳು ಎಂದು ಕಿರಿಯವಳು ಓರಗಿತ್ತಿಯನ್ನೇ ನೋಡಿದಳು. ಹಿರಿಯವಳು ಕೈಕಟ್ಟಿ ನಿಂತೇ ಇದ್ದಳು.

ಬೋರ್ಡಿನಲ್ಲಿ ಹಸಿರು ವೈರು ಇಡಿಯಾಗಿತ್ತು, ಬಿಗಿಯಾಗಿಯೂ ಇತ್ತು. ರಿಪೇರಿಯವನು ಹಾಗೆಯೇ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಹಿಡಿಗೆ ಟೆಸ್ಟರ್ ತಾಗಿಸಿದ. ದೀಪ ಮಿಣುಕಿತು.

"ಅಮ್ಮಾ, ಇದೂ ಹೊಡೆಯುತ್ತಲ್ಲ?"

"ಹೊಡೆಯುತ್ತೆ. ಅವಳ ಕಾಲಿಗೆ ರಬ್ಬರ್ ಚಪ್ಪಲಿ ಇರುತ್ತೆ, ನಂದು ಬರಿಗಾಲು. ಅದಕ್ಕೇ ಬಟ್ಟೆ ಸುತ್ಕೊಂಡು ಮುಟ್ತೀನಿ. ಬೋರ್ಡೂ ನೋಡ್ದೆ, ನಂಗೇನೂ ತಿಳೀಲಿಲ್ಲ" ಎಂದಳು ಹಿರಿಯವಳು.

ಕಿರಿಯವಳು ಫ್ರಿಜ್ಜಿನ ಹಿಡಿಯತ್ತ ಚಾಚಿದ್ದ ಕೈಯನ್ನು ಹಿಂದೆಗೆದುಕೊಂಡಳು. ರಿಪೇರಿಯವನು ಆಗಲೇ ಹೊರಗೆ ನಡೆದಿದ್ದ. ವೈರು ಕಿಟಕಿ ದಾಟಿ, ಗೋಡೆಯ ಬಣ್ಣದ ಅಡಿಯಲ್ಲಿ ಅಡಗಿ, ಅಂಗಳದ ಮೂಲೆಗೆ ಇಳಿದಿತ್ತು. ಎಲ್ಲರೂ ಅವನ ಹಿಂದೆ ಬಂದರು. ಅವನು ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲೆ ಕೈಯಾಡಿಸಿ, ತಲೆಯೆತ್ತಿದ.

"ಈ ಸ್ಕೂಟರ್ ಸ್ವಲ್ಪ ತೆಗೀರಿ. ಇಡೀ ಮನೆಗೆ ಇದೊಂದೇ ಅರ್ಥಿಂಗ್ ಗುಂಡಿ. ಮಣ್ಣು ಒಣಗಿದ್ರೆ ಸತ್ತ ಹಾಗೇ, ದಿನಾ ನೀರು ಕುಡಿಸ್ತಿರಬೇಕು. ಇದರ ಬಾಯಿಗೆ ಸಿಮೆಂಟ್ ಹಾಕಿದ ಪುಣ್ಯಾತ್ಮರು ಯಾರು?"

ಹಿರಿಯವಳು ಒಳಗೆ ಹೋಗಿ, ಬಕೆಟ್ ತುಂಬಿಸಿ ತಂದು, ಓರಗಿತ್ತಿಯ ಕಾಲ ಬುಡದಲ್ಲಿ ಇಟ್ಟಳು.