ಕಕ್ಕಿಂಜೆಗೆ ಒಂದು ಟಿಕೆಟ್

"ನನ್ನ ಊರಿನ ಹೆಸರು ಚಾರ್ಮಾಡಿ" ಎಂದು ಒಂದನೇ ತರಗತಿಯ ಸಾತ್ವಿಕಾ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿದ್ದಳು. ಟೀಚರ್ ಸರಿ ಗುರುತು ಹಾಕಿ, ಪಕ್ಕದಲ್ಲೊಂದು ನಕ್ಷತ್ರವನ್ನೂ ಬಿಡಿಸಿದ್ದರು. ಅವಳ ಅಮ್ಮ ಸುಪ್ರೀತಾ ಆ ಸಾಲನ್ನು ಎರಡು ಸಲ ಓದಿದಳು.

"ನಮ್ಮ ಊರು ಕಕ್ಕಿಂಜೆ ಅಲ್ವಾ ಮಗಾ? ಚಾರ್ಮಾಡಿ ಅಂತ ಯಾರು ಹೇಳಿದ್ದು?"

"ಅಪ್ಪ. ಶಾಲೆಯಿಂದ ಒಟ್ಟಿಗೆ ಬರುವಾಗ ಬಸ್ಸಿನಲ್ಲಿ ದಿನಾ ಹೇಳ್ತಾರಲ್ಲ, ಚಾರ್ಮಾಡಿ ಒಂದು ಅಂತ."

ಅಲ್ಲೇ ಚಹಾ ಕುಡಿಯುತ್ತಿದ್ದ ಶೋಧನ್ ಲೋಟದೊಳಗೆ ಮುಖ ಮರೆಸಿಕೊಂಡ. ಸುಪ್ರೀತಾ ಬಿಡಲಿಲ್ಲ. ಕೊನೆಗೆ ಅವನು ತಡೆತಡೆದು ಎಲ್ಲ ಹೇಳಿದ. ಚಿಕ್ಕಂದಿನಿಂದ ಅವನಿಗೆ ಮಾತು ತೊದಲುತ್ತಿತ್ತು. ಅದರಲ್ಲೂ 'ಕ' ಬಂದರೆ ಗಂಟಲೇ ಮುಚ್ಚಿದ ಹಾಗೆ. ಊರಿನ ಹೆಸರಿನಲ್ಲೋ ಅದು ಒಂದರ ಬೆನ್ನಿಗೆ ಒಂದು. ಹಿಂದೆ ಜನ, ಮುಂದೆ ಜನ, ಕಂಡಕ್ಟರ್ ಅವಸರದಲ್ಲಿ ನಿಂತಿರುವಾಗ ಬಾಯಿಯಿಂದ ಸಲೀಸಾಗಿ ಜಾರುತ್ತಿದ್ದುದು ಮುಂದಿನ ಊರಾದ ಚಾರ್ಮಾಡಿ ಮಾತ್ರ. ಬೆಳ್ತಂಗಡಿಯ ಮಿಕ್ಸಿ ರಿಪೇರಿ ಅಂಗಡಿಗೆ ಸೇರಿದ ಮೇಲೆ ಏಳು ವರ್ಷ, ಪ್ರತಿ ಸಂಜೆ, ಚಾರ್ಮಾಡಿಯ ಟಿಕೆಟ್ ತೆಗೆದು ಕಕ್ಕಿಂಜೆಯಲ್ಲಿ ಇಳಿದಿದ್ದ.

ಆ ರಾತ್ರಿ ಅವನು ಅಂಗಡಿಯಲ್ಲಿ ಕೊಟ್ಟ ಹೊಸ ವರ್ಷದ ಡೈರಿ ತೆರೆದು ಹಟದಿಂದ ಬರೆದ. ತೊದಲುವುದು ಪೂರ್ತಿ ನಿಲ್ಲಬೇಕು. ಅಂಗಡಿಯ ಫೋನನ್ನೆಲ್ಲ ತಾನೇ ಎತ್ತಬೇಕು. ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಭಾಷಣ ಮಾಡಬೇಕು.

ಸುಪ್ರೀತಾ ಭುಜದ ಮೇಲಿಂದ ಇಣುಕಿದಳು. "ಇದು ಒಂದು ವರ್ಷಕ್ಕಾ, ಏಳು ಜನ್ಮಕ್ಕಾ?" ಎಂದು ಅವನ ಕೈಯಿಂದ ಪೆನ್ನು ಕಿತ್ತುಕೊಂಡು ಮೂರನ್ನೂ ಹೊಡೆದುಹಾಕಿದಳು. "ಕಕ್ಕಿಂಜೆಗೆ ಒಂದು ಟಿಕೆಟ್ ಕೇಳಿ. ಅಷ್ಟು ಸಾಕು."

"ಬ... ಬರೇ ಟಿಕೆಟಾ?"

"ಬರೇ ಟಿಕೆಟ್. ಡಿಸೆಂಬರ್ ಮೂವತ್ತೊಂದರವರೆಗೆ ಟೈಮ್ ಉಂಟು."

"ತೊ... ತೊದಲಿದ್ರೆ?"

"ತೊದಲಿ. ಊರು ಒಂದು ಸರಿ ಇರಲಿ."

ಅಷ್ಟು ಸಣ್ಣ ಗುರಿಯೂ ಸುಲಭಕ್ಕೆ ಕೈಗೆ ಸಿಗಲಿಲ್ಲ. ಜನವರಿ ಒಂದರ ಸಂಜೆ ಕಂಡಕ್ಟರ್ ಅಸ್ಕರ್ ಅವನ ಮುಖ ಕಂಡದ್ದೇ, ಕೇಳುವ ಮೊದಲೇ, ಚಾರ್ಮಾಡಿಯ ಟಿಕೆಟ್ ಹರಿದು ಕೈಗಿಟ್ಟ. ಎರಡನೇ ದಿನ ಕಾಲಿಡಲು ಜಾಗವಿಲ್ಲದಷ್ಟು ರಶ್ಶು. ಮೂರನೇ ದಿನ ಧೈರ್ಯ ಮಾಡಿ 'ಕ' ತನಕ ಬಂದಿದ್ದ. ಅಷ್ಟರಲ್ಲಿ ಹಿಂದಿನ ಸೀಟಿನ ಹೆಂಗಸೊಬ್ಬರು, "ಅವರು ಚಾರ್ಮಾಡಿಗೆ, ಪಾಪ" ಎಂದು ತಾವೇ ಹೇಳಿಬಿಟ್ಟರು. ಮನೆಗೆ ಬಂದು ಡೈರಿ ತಿರುವುತ್ತಾ ಕುಳಿತವನಿಗೆ ಸುಪ್ರೀತಾ ತಟ್ಟೆಯಿಡುತ್ತಾ, "ಇನ್ನೂ ಮುನ್ನೂರ ಅರವತ್ತೆರಡು ದಿನ ಉಂಟು. ಮೊದಲು ಊಟ ಮಾಡಿ" ಎಂದಳು.

ಮುಂದಿನ ಮಂಗಳವಾರ ಅಸ್ಕರ್ ಎಂದಿನಂತೆ ಹತ್ತಿರ ಬಂದು ಟಿಕೆಟ್ ಮೆಷಿನ್ ಒತ್ತಲು ಹೊರಟ. ಶೋಧನ್ ಅದರ ಮೇಲೆ ಅಂಗೈ ಅಡ್ಡ ಇಟ್ಟ.

"ಏನು, ಇವತ್ತು ಟಿಕೆಟ್ ಬೇಡ್ವಾ?"

ಬೇಕು ಎಂದು ತಲೆಯಾಡಿಸಿದ. "ಕ..." ಎಂದ. ಅಲ್ಲಿಗೆ ನಿಂತಿತು. ಕತ್ತಿನ ನರ ಉಬ್ಬಿತು, ಕಣ್ಣು ತಾನಾಗಿ ಮುಚ್ಚಿತು. ಪಕ್ಕದಲ್ಲಿ ನಿಂತವನೊಬ್ಬ, "ಕೊಟ್ಟಿಗೆಹಾರವಾ?" ಎಂದು ಸಹಾಯಕ್ಕೆ ಬಂದ. ಶೋಧನ್ ಅಲ್ಲವೆಂದು ಕೈ ಬೀಸಿದ. ಕಿಟಕಿಯ ಬಳಿ ಕುಳಿತಿದ್ದ ಸಾತ್ವಿಕಾ ಊರಿನ ಹೆಸರು ಎಲ್ಲಿ ತನ್ನ ಬಾಯಿಂದ ಹೊರಗೆ ಬಂದುಬಿಡುತ್ತದೋ ಎಂದು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡಿದ್ದಳು. ಹಿಂದಿನಿಂದ ಯಾರೋ ಚಿಲ್ಲರೆಗಾಗಿ ಕರೆದರು. ಅಸ್ಕರ್ ಹೋಗಲಿಲ್ಲ. ಮೆಷಿನ್ ಕೆಳಗಿಳಿಸಿ, ಸೀಟಿಗೆ ಒರಗಿ ನಿಂತ. ಬಸ್ಸು ಲಾಯಿಲ ದಾಟಿತು.

"ಕ... ಕ... ಕಕ್ಕಿಂಜೆ!"

ಎಷ್ಟು ಜೋರಾಗಿ ಬಂತೆಂದರೆ ಡ್ರೈವರ್ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಸಾತ್ವಿಕಾ ಸೀಟಿನ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಏನು ವಿಷಯವೆಂದು ತಿಳಿಯದೆ ಇನ್ನಿಬ್ಬರು ತಾವೂ ತಟ್ಟಿದರು.

"ಓ, ಕಕ್ಕಿಂಜೆಯಾ?" ಅಸ್ಕರ್ ಟಿಕೆಟ್ ಹರಿದುಕೊಟ್ಟ. "ಹಾಗಾದ್ರೆ ಚಾರ್ಮಾಡಿಯ ಮನೆ ಬಿಟ್ರಾ? ಇಷ್ಟು ದಿನ ನೀವು ಪೇಟೆ ಕೆಲಸಕ್ಕೆ ನಡುವೆ ಇಳಿಯುವುದು ಅಂತ ಎಣಿಸಿದ್ದೆ ನಾನು."

ಶೋಧನ್‌ಗೆ ನಗು ಉಕ್ಕಿತು. ನಗು ನಿಂತ ಮೇಲೆ ಹೇಳಲು ಶುರು ಮಾಡಿದ. ಮನೆಯ ವಿಷಯ, ಏಳು ವರ್ಷದ ವಿಷಯ, ಡೈರಿಯಲ್ಲಿ ಹೆಂಡತಿ ಹೊಡೆದುಹಾಕಿದ ಸಾಲುಗಳ ವಿಷಯ. ಒಂದೊಂದು ಮಾತೂ ಎಡವಿ ಎಡವಿ ಬರುತ್ತಿತ್ತು, ಆದರೆ ಬರುತ್ತಲೇ ಇತ್ತು. ಅಸ್ಕರ್ ನಡುನಡುವೆ ಬೇರೆಯವರಿಗೆ ಟಿಕೆಟ್ ಕೊಟ್ಟು ಬಂದು, "ಮತ್ತೆ?" ಎನ್ನುತ್ತಿದ್ದ.

ಕಕ್ಕಿಂಜೆ ಬಂತು. ಸಾತ್ವಿಕಾ ಚೀಲ ಹೊತ್ತು ಇಳಿದಳು. ಶೋಧನ್‌ನ ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ. ಕೈ ಬಾಗಿಲ ಸರಳಿನಲ್ಲೇ ಇತ್ತು.

"ಅ... ಅದಕ್ಕೆ ನ... ನನ್ನ ಹೆಂಡತಿ ಏನು ಹೇ... ಹೇಳಿದ್ಲು ಅಂದ್ರೆ..."

ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಅಸ್ಕರ್ ಬಾಯಲ್ಲಿದ್ದ ಸೀಟಿ ತೆಗೆದು, ಮುಂದಕ್ಕೆ ಕೂಗಿದ:

"ನಿಲ್ಲಿ ಮಾರಾಯ್ರೆ, ಅವರು ಹೇಳಿ ಮುಗಿಸ್ಲಿ!"