ಒಂದೇ ಸಾಲು

ರೆಫ್ರಿ ಕೆಂಪು ಕಾರ್ಡು ತೋರಿಸಿದ್ದು ಒನಕೆಯೊಬ್ಬನಿಗೆ. ಮೈದಾನ ಬಿಟ್ಟು ಹೊರಟವರು ಮಾತ್ರ ನಾಲ್ವರು.

ಒನಕೆ ಅನ್ನುವುದು ಅಡ್ಡಹೆಸರು, ಅವನು ತಂಡದ ಡಿಫೆಂಡರ್. ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಬೀಳಿಸಿದ್ದ. ಅವನು ತಲೆ ತಗ್ಗಿಸಿ ಗೆರೆ ದಾಟಿದ್ದೇ ತಡ, ಉಳಿದ ಮೂವರು ಡಿಫೆಂಡರುಗಳೂ ತಲೆ ತಗ್ಗಿಸಿ ಹಿಂದೆಯೇ ಹೆಜ್ಜೆ ಹಾಕಿದರು. ಗೋಲ್‌ಕೀಪರ್ ಹಿಂದಿನಿಂದ ಕೂಗಿದ.

“ಲೋ, ನೀವೆಲ್ಲಿಗ್ರೋ? ಕಾರ್ಡು ಅವನಿಗೆ ಕಣ್ರೋ!”

“ಗೊತ್ತು ಮಾರಾಯ,” ಅಂದ ಮೂವರಲ್ಲೊಬ್ಬ, ನಿಲ್ಲದೆ. “ಕಾಲು ಕೇಳ್ಬೇಕಲ್ಲ.”

ಕಾಲು ಹೀಗಾದದ್ದು ಹೊಸ ಕೋಚ್ ಬಂದ ಮೇಲೆ. ಅದಕ್ಕೂ ಮುಂಚೆ ಈ ತಂಡದ ಡಿಫೆನ್ಸು ತೂತು ಬಿದ್ದ ಕೊಡೆಯಂತಿತ್ತು. ಕೋಚ್ ಬಂದವರೇ ನಾಲ್ವರ ಸೊಂಟಕ್ಕೂ ಒಂದೇ ಹಗ್ಗ ಬಿಗಿದು ಅಭ್ಯಾಸ ಮಾಡಿಸಿದರು. ಒಬ್ಬ ಎಡಕ್ಕೆ ಹೋದರೆ ಎಲ್ಲರೂ ಎಡಕ್ಕೆ, ಒಬ್ಬ ಮುಂದೆ ಬಂದರೆ ಎಲ್ಲರೂ ಮುಂದೆ. ನಡುವೆ ಸಂದು ಬಿಡಕೂಡದು. ಹಗ್ಗ ಬಿಚ್ಚಿದ ಮೇಲೂ ಅಭ್ಯಾಸ ಬಿಡಲಿಲ್ಲ. ಒನಕೆ ಹಲ್ಲು ಕೀಳಿಸಿಕೊಂಡ ದಿನ ಹೊರಗೆ ಕಾಯುತ್ತಿದ್ದ ಮೂವರ ಕೆನ್ನೆಯೂ ಊದಿಕೊಂಡು, ದಂತವೈದ್ಯೆ ನಾಲ್ವರಿಗೂ ಮಾತ್ರೆ ಬರೆದುಕೊಟ್ಟರು. ಹೇಗೋ, ಗೋಲು ಬೀಳುವುದಂತೂ ನಿಂತುಹೋಯಿತು.

ನಿಲ್ಲಿಸಿದ್ದು ಗೋಲ್‌ಕೀಪರ್ ಅಂತ ಯಾರೂ ಅನ್ನಲಿಲ್ಲ. “ನೀನಲ್ಲಿ ಬೆದರುಬೊಂಬೆ ಥರ ನಿಂತಿರು ಸಾಕು. ಇವತ್ತು ಫೈನಲ್ಲು, ಒಂದು ಗೋಲು ಬಿಟ್ಯೋ, ಹಾಗೇ ಮನೆಗೆ ಹೋಗ್ತಾ ಇರು,” ಎಂದು ಬೆಳಿಗ್ಗೆಯೇ ಕೋಚ್ ಹೇಳಿದ್ದರು. ಮನೆಗೆ ಹೋದರೆ ಮಾವನ ಟೈರ್ ಅಂಗಡಿ, ಪಂಕ್ಚರ್ ಕೆಲಸ, ಮೇಲಿಂದ “ನಾನು ಆವತ್ತೇ ಹೇಳಿರ್ಲಿಲ್ವಾ ಅಳಿಯಂದ್ರೇ?” ಅನ್ನುವ ಮಾತು.

ಒಬ್ಬನಿಗೆ ಕಾರ್ಡು ಕೊಟ್ಟು ನಾಲ್ವರು ಹೋದರೆ ಏನು ಮಾಡಬೇಕೆಂದು ರೆಫ್ರಿಗೂ ಯಾರೂ ಕಲಿಸಿರಲಿಲ್ಲ. ಸೀಟಿ ಊದಿ ಆಟ ಮುಂದುವರಿಸಿದ. ಎದುರಾಳಿಯ ಸ್ಟ್ರೈಕರ್ ಚೆಂಡಿನೊಂದಿಗೆ ಬಂದ. ಅಷ್ಟು ಜಾಗ ಕಂಡು ಅವನಿಗೇ ಮುಜುಗರವಾದಂತಿತ್ತು.

“ಗುರೂ, ಹೊಡೀಲಾ?”

“ಕೇಳಿ ಹೊಡಿಯೋನು ನೀನೊಬ್ನೇ ನೋಡು. ಹೊಡಿ, ಹಾಳಾಗ್ಹೋಗು.”

ಚೆಂಡು ಎಡಕ್ಕೆ ಹಾರಿತು. ಗೋಲ್‌ಕೀಪರ್ ಮೈಚಾಚಿ ಎಗರಿದ. ಬೆರಳ ತುದಿಗೆ ತಾಗಿಯೂ ಚೆಂಡು ಬಲೆ ಸೇರಿತು. ಅದೇ ಹೊತ್ತಿಗೆ ಗೆರೆಯಾಚೆ ಬೆಂಚಿನ ಮೇಲೆ ಕೂತಿದ್ದ ನಾಲ್ವರೂ ಒಟ್ಟಿಗೆ ಎಡಕ್ಕೆ ಸರಿದರು. ತುದಿಯಲ್ಲಿದ್ದ ಕೋಚ್ ದೊಪ್ಪನೆ ನೆಲಕ್ಕೆ ಬಿದ್ದರು.

ಗೋಲ್‌ಕೀಪರ್ ಓಡಿಹೋಗಿ ಕೈಹಿಡಿದೆತ್ತಿದ. ಕೋಚ್ ಮೈಮೇಲಿನ ಧೂಳನ್ನೂ ಕೊಡವದೆ ಬೆಂಚಿನತ್ತಲೇ ನೋಡುತ್ತಿದ್ದರು. ನಾಲ್ವರ ಮಧ್ಯೆ ಕೂದಲೆಳೆ ತೂರುವ ಜಾಗವಿರಲಿಲ್ಲ. ಕೋಚ್ ಕಣ್ಣು ತುಂಬಿಬಂತು.

“ಡಿಫೆನ್ಸ್ ಅಂದ್ರೆ ಇದು ಕಣೋ,” ಅಂದರು. “ನಾಳೆಯಿಂದ ನೀನು ಬರ್ಬೇಡ.”