ಹುಣಸೆಮರದ ಆಚೆ ಬದಿ

ಗೇಟಿನ ಸದ್ದಿಗೆ ರುದ್ರಪ್ರಸಾದ್ ತಿರುಗಿ ನೋಡುವಷ್ಟರಲ್ಲಿ ಬೀಗ ಬಿದ್ದಾಗಿತ್ತು.

ಅವನ ಕೈಯಲ್ಲಿ ನೈಲಾನ್ ಹಗ್ಗ. ಎದುರಿಗೆ ರೋಶನ್ ಬೀಯವರ ರೇಷ್ಮೆ ನೂಲು ತೆಗೆಯುವ ಶೆಡ್ಡು. ಶುಕ್ರವಾರದ ಮಧ್ಯಾಹ್ನ, ಕೆಲಸದವರಿಲ್ಲ. ಸುತ್ತ ಎತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು.

ಅವನು ಬಂದದ್ದು ಇಬ್ಬರ ಮನೆಯ ನಡುಗೋಡೆಗೆ ಒತ್ತಿ ನಿಂತ ಹುಣಸೆಮರಕ್ಕಾಗಿ. ಮೋಟಾರು ರಿಪೇರಿ ಮಾಡುವ ರುದ್ರಪ್ರಸಾದ್ ಹವ್ಯಾಸಕ್ಕೆ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊದ ಪರವಾನಗಿ ಪಡೆದು, ಸೆಟ್ಟನ್ನು ತಾನೇ ಜೋಡಿಸಿಕೊಂಡು, ಯುಗಾದಿಯಿಂದ ದಿನಾ ಸಂಜೆ ತನ್ನ ಹೆಸರು ಹೇಳಿ ಅದರಲ್ಲಿ ಕರೆಯುತ್ತಿದ್ದ. ಒಬ್ಬರೂ ಓಗೊಟ್ಟಿರಲಿಲ್ಲ. ತಾರಸಿಯ ಮೇಲಿನ ಆಂಟೆನಾ ತಂತಿ ತೀರ ತಗ್ಗಾಯಿತು, ಮರದ ತುದಿಗೇರಿಸಬೇಕು ಎಂದು ಅವನ ಲೆಕ್ಕ. ಹೆಂಡತಿ ಸೌಮ್ಯಶ್ರೀ ಮಾತ್ರ, "ಗೋಡೆ ಜೊತೆ ಮಾತಾಡ್ದಂಗೈತೆ" ಎಂದು ನಗುತ್ತಿದ್ದಳು.

ಇವತ್ತು ತನ್ನ ಹಿತ್ತಿಲಲ್ಲಿ ನಿಂತು, ಸೀಸದ ಗುಂಡು ಕಟ್ಟಿದ ಗಾಳದ ದಾರವನ್ನು ಕ್ಯಾಟರ್‌ಬಿಲ್ಲಿನಿಂದ ಹೊಡೆದ. ಎಷ್ಟೋ ಸಲ ಎಲೆಗಳಲ್ಲೇ ಸಿಕ್ಕಿಕೊಂಡಿತು. ಕೊನೆಗೆ ತುದಿಕೊಂಬೆ ದಾಟಿ ರೋಶನ್ ಬೀಯವರ ಅಂಗಳಕ್ಕೆ ಬಿತ್ತು. ದಾರಕ್ಕೆ ಹಗ್ಗ ಕಟ್ಟಿಬಂದರೆ ತನ್ನ ಕಡೆಯಿಂದ ಎಳೆದುಕೊಳ್ಳಬಹುದು. ಸುತ್ತು ಹಾಕಿ ಬಂದ. ಗೇಟು ತೆರೆದಿತ್ತು. "ಯಾರಾದ್ರೂ ಇದ್ದೀರಾ?" ಎಂದು ಕೂಗಿದ. ಉತ್ತರವಿಲ್ಲ. ಒಳಹೊಕ್ಕ.

ಈಗ ರೋಶನ್ ಬೀ ಶೆಡ್ಡಿನ ಬಾಗಿಲಲ್ಲಿದ್ದರು. ಅವರ ತಮ್ಮ ಗೌಸ್ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ.

"ತಪ್ಪಾಯ್ತು ಅಮ್ಮಾ. ಒಂದು ದಾರ ಬಿದ್ದಿತ್ತು, ಅಷ್ಟೇಯ. ಬುಟ್ಬುಡಿ, ಹೋಯ್ತೀನಿ."

ರೋಶನ್ ಬೀ ಕಿವಿಗೊಟ್ಟರು. "ಇನ್ನೊಂದ್ಸಲ ಮಾತಾಡು."

"ಏನ್ ಮಾತಾಡ್ಲಿ?"

"ಇವ್ನೇ ಕಣೋ ಗೌಸ್!" ಕೆಲಸದ ಹುಡುಗಿಗೆ ಫೋನು ಹಚ್ಚಿದರು. "ಅತಿಯಾ, ಸಿಕ್ಬುಟ್ಟ! ಎಲ್ಲಾರ್ನೂ ಕರ್ಕೊಂಡು ಬಾ."

ರುದ್ರಪ್ರಸಾದ್ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ. ಹೋದ ವಾರವಷ್ಟೇ ಆ ಬೀದಿಯಲ್ಲಿ ತಾಮ್ರದ ತಂತಿ ಕಳುವಾಗಿತ್ತು. ಅವನ ಹೆಗಲಿನ ಚೀಲದಲ್ಲಿದ್ದುದೂ ತಾಮ್ರದ ತಂತಿಯೇ.

"ನೀನು ರುದ್ರಪ್ರಸಾದ ಅಲ್ವಾ?" ಎಂದರು ರೋಶನ್ ಬೀ.

ಅವನು ಹೆಸರು ಹೇಳಿರಲಿಲ್ಲ. ಇಬ್ಬರೂ ಮುಖಾಮುಖಿಯಾದದ್ದೇ ಇವತ್ತು.

"ಒಳಗ್ ನಡಿ," ಎಂದ ಗೌಸ್.

ಶೆಡ್ಡಿನೊಳಗೆ ಬೆಂದ ರೇಷ್ಮೆಗೂಡಿನ ನಾತ. ಮೂಲೆಯಲ್ಲಿ, ಕೆಲಸದ ಹೆಂಗಸರು ಹಾಡು ಕೇಳುವ ಹಳೆಯ ಸ್ಪೀಕರ್ ಡಬ್ಬ. ಗೌಸ್ ಅದರತ್ತ ಬೆರಳು ತೋರಿಸಿದ. "ಸಂಜೆಯಾದ್ರೆ ಹಾಡಿನ ಮಧ್ಯ ನಿನ್ ದನಿ ಬತ್ತದೆ."

ರುದ್ರಪ್ರಸಾದ್ ಡಬ್ಬವನ್ನೇ ದಿಟ್ಟಿಸಿದ. ಮನೆಯಲ್ಲಿ ಜೋಡಿಸಿದ ಸೆಟ್ಟು ನೆರೆಯವರ ಸ್ಪೀಕರಿಗೆ ನುಗ್ಗುವುದುಂಟು ಎಂದು ಪರವಾನಗಿಯ ಪರೀಕ್ಷೆಗೆ ಓದಿದ್ದ. ಇವರು ದೂರು ಕೊಟ್ಟರೆ ಪರವಾನಗಿಯ ಕಥೆ ಮುಗಿಯಿತು. ಗೇಟಿನಾಚೆ ಆಗಲೇ ಹೆಂಗಸರ ಗದ್ದಲ. ಯಾರೋ ಬೀಗ ಹಿಡಿದು ಅಲ್ಲಾಡಿಸುತ್ತಿದ್ದರು.

"ಇವತ್ತೇ ಸೆಟ್ಟು ಬಿಚ್ಚಾಕ್ತೀನಿ ಅಮ್ಮಾ. ಇನ್ಮೇಲೆ ಕೂಗೋದೇ ಇಲ್ಲ."

"ಕೂಗೋದಿಲ್ವಾ?" ರೋಶನ್ ಬೀ ಡಬ್ಬದ ಮೇಲೆ ಕೈಯಿಟ್ಟರು. "ದಿನಾ ‘ಯಾರಾದ್ರೂ ಕೇಳ್ತಾ ಇದ್ದೀರಾ’ ಅಂತೀಯ. ಎಲ್ಲಿ ಸಿಗಾಕ್ಕೊಂಡವ್ನೋ ಪಾಪ ಅಂತ ನಾವೆಲ್ಲಾ ಕೆಲಸ ಬುಟ್ಟು ‘ಕೇಳ್ತಾ ಇದ್ದೀವಿ ಕಣಪ್ಪಾ’ ಅಂತ ಈ ಡಬ್ಬಕ್ಕೆ ಕೂಗಿ ಕೂಗಿ ಗಂಟಲು ಬಿದ್ದೋಯ್ತು. ಒಂದ್ಸಲಾನೂ ನಿಂಗೆ ಕೇಳಿಸ್ಲೇ ಇಲ್ವಾ, ಮಗಾ?"